ಒಂದೇ ಕಡೆಗೆ ಉಸಿರು

ಜನವರಿ 12

ಪ್ರೀತಿಯ ತಮ್ಮನಿಗೆ,

ಎಲ್ಲರೂ ಕ್ಷೇಮ ಎಂದು ಬರೆಯಲು ಕುಳಿತೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಇವತ್ತಿನ ಮಟ್ಟಿಗೆ ಕ್ಷೇಮ ಎಂದು ಓದಿಕೋ. ಫೋನ್ ಮಾಡೋಣ ಎಂದರೆ ನಿಮ್ಮ ಗಣಿ ಕ್ಯಾಂಪಿಗೆ ಲೈನ್ ಸಿಕ್ಕಿದರೂ ನಿನ್ನ ದನಿಗಿಂತ ಗಾಳಿಯ ದನಿಯೇ ಜಾಸ್ತಿ ಕೇಳಿಸುತ್ತದೆ. ಕಾಗದವೇ ವಾಸಿ. ಇದರಲ್ಲಿ ನಾನು ಎಷ್ಟು ಸಲ ಹೇಳಿದ್ದನ್ನೇ ಹೇಳಿದರೂ ನೀನು ಫೋನ್ ಇಡುವ ಹಾಗಿಲ್ಲ.

ನಿನ್ನ ಭಾವ ಕಾರು ತಂದಿದ್ದಾರೆ. ಆಸ್ಪತ್ರೆಯ ದೊಡ್ಡ ಡಾಕ್ಟರು ನಿವೃತ್ತರಾಗಿ ಊರು ಬಿಡುವಾಗ, "ಕಾಂಪೌಂಡರೇ, ಇದು ನಿಮ್ಮ ಕೈಗಾದ್ರೂ ಬಗ್ಗುತ್ತೇನೋ ನೋಡಿ" ಎಂದು ಬಿಟ್ಟು ಹೋದರಂತೆ. ನಿನ್ನ ವಯಸ್ಸೇ ಆಗಿರಬೇಕು ಅದಕ್ಕೆ, ನಿನಗಿಂತ ಜಾಸ್ತಿ ಕೆಮ್ಮುತ್ತದೆ. ಬಾನೆಟ್ ಎತ್ತಿ ತೋರಿಸಿದರು. ಬೆರಳಿನ ಗಾತ್ರದ್ದು, ಕಡ್ಡಿ ಗಾತ್ರದ್ದು, ಕರಿ ರಬ್ಬರ್ ಪೈಪುಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ನನ್ನ ಹೊಲಿಗೆ ಡಬ್ಬಿಯಲ್ಲಿ ಬೆಕ್ಕು ಆಡಿ ಹೋದ ಮೇಲೆ ದಾರ ಇರುವುದಿಲ್ಲವೇ, ಹಾಗೆ. ಅರ್ಧಕ್ಕರ್ಧ ಬಿರುಕು ಬಿಟ್ಟಿವೆ. ಎಲ್ಲೋ ಒಂದು ಕಡೆಯಿಂದ ಸುಸ್ ಎಂದು ಉಸಿರು ಎಳೆಯುವ ಸದ್ದು. ನಾನು ಕಿವಿ ಕೊಟ್ಟು ಕೇಳಿದೆ. ಯಾರೋ ಒಳಗೆ ಮಲಗಿದ್ದಾರೆ ಎನ್ನಿಸಿತು.

"ಇವೆಲ್ಲ ವ್ಯಾಕ್ಯೂಮ್ ಪೈಪು. ಅರ್ಧ ಬೇಕಾಗೇ ಇಲ್ಲ. ದೊಡ್ಡ ಕಂಪನಿಯೋರು ಸುಮ್ನೆ ಜನರ ತಲೆ ಕೆಡಿಸೋಕೆ ಹಾಕಿರ್ತಾರೆ. ಒಂದೊಂದೇ ಕಿತ್ತು ಸರಳ ಮಾಡ್ತೀನಿ" ಎಂದರು. ಆಸ್ಪತ್ರೆಯ ಸ್ಟೋರಿನಿಂದ ಹೊಸ ರಬ್ಬರ್ ಟ್ಯೂಬ್ ತಂದಿದ್ದಾರೆ, ರೋಗಿಗಳ ಮೂಗಿಗೆ ಹಾಕುವಂಥದ್ದು. ಕಿತ್ತ ಕಡೆ ತೂತು ಮುಚ್ಚುವುದಕ್ಕೆ ಔಷಧಿ ಸೀಸೆಯ ರಬ್ಬರ್ ಬಿರಡೆ. ಅಡುಗೆಮನೆಯ ಕಿಟಕಿಯಲ್ಲಿ ಬಿರಡೆಗಳನ್ನು ತೊಳೆದು ಒಣಗಲು ಇಟ್ಟಿದ್ದಾರೆ. ಅಲ್ಲಿ ನೋಡಿದಾಗಲೆಲ್ಲ ನನಗೆ ಏನೋ ಕೆಟ್ಟದ್ದರ ನೆನಪಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ.

"ನನ್ನ ತಮ್ಮನ್ನ ಒಂದು ಮಾತು ಕೇಳಿ, ಅವನು ಇದರಲ್ಲೇ ಹುಟ್ಟಿ ಬೆಳೆದೋನು" ಎಂದೆ. "ಅವನು ಅದಿರು ಲಾರಿಯ ಡಾಕ್ಟರು. ಇದು ಸೂಕ್ಷ್ಮದ ಕೆಲಸ" ಎಂದು ಮುಖ ತಿರುಗಿಸಿದರು. ಪುಟ್ಟಿಯ ಮದುವೆಯಲ್ಲಿ ನೀನು ಅವರ ಸ್ಕೂಟರನ್ನು ನೋಡಿ ನಕ್ಕಿದ್ದು ಇನ್ನೂ ಹೊಟ್ಟೆಯಲ್ಲಿದೆ.

ನಾನು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳು, ನನಗೇನು ತಿಳಿಯುತ್ತದೆ. ಆದರೆ ಮಾರ್ಚ್‌ನಲ್ಲಿ ಪುಟ್ಟಿಯನ್ನು ಗಂಡನ ಮನೆಯಿಂದ ಹೆರಿಗೆಗೆ ತವರಿಗೆ ಕರೆತರಬೇಕು. ಬೆಟ್ಟದ ಮೇಲಿಂದ ಇದೇ ಕಾರಿನಲ್ಲಿ ಇಳಿಸಿಕೊಂಡು ಬರುತ್ತಾರಂತೆ. ಯಾವ ಪೈಪು ಕೀಳಬಹುದು, ಯಾವುದನ್ನು ಕೀಳಬಾರದು, ಬೇಗ ಬರೆ. ನೀನು ಬರೆದದ್ದು ಎಂದು ಹೇಳುವುದಿಲ್ಲ, ಕನಸು ಬಿತ್ತು ಎನ್ನುತ್ತೇನೆ. ನನ್ನ ಕನಸಿಗಾದರೆ ನಗುತ್ತಾರೆ, ಸಿಟ್ಟು ಮಾಡುವುದಿಲ್ಲ.

ನಿನ್ನ ಅಕ್ಕ

•

ಫೆಬ್ರವರಿ 2

ಅಕ್ಕಾ,

ನಿನ್ನ ಕಾಗದ ಸಾಮಾನಿನ ಲಾರಿಯಲ್ಲಿ ಈರುಳ್ಳಿ ಮೂಟೆಯ ಕೆಳಗೆ ಸಿಕ್ಕಿತು. ತಡವಾಯಿತು, ಬಯ್ಯಬೇಡ. ನಲ್ಲಿ ತೊಟ್ಟಿಕ್ಕಿದರೆ ಪ್ರವಾಹ ಬಂತು ಎಂದು ಬರೆಯುವವಳು ನೀನು, ಅದಕ್ಕೆ ಮೊದಲ ಪುಟ ನಗುತ್ತಲೇ ಓದಿದೆ. ಔಷಧಿ ಬಿರಡೆ ಎಂದ ಕಡೆ ನಗು ನಿಂತಿತು.

ಕೇಳು. ಆ ಪೈಪುಗಳಲ್ಲಿ ನೀರಿಲ್ಲ, ಎಣ್ಣೆಯಿಲ್ಲ. ಇಂಜಿನ್ ಉಸಿರು ಎಳೆಯುತ್ತದಲ್ಲ, ಆ ಎಳೆತವನ್ನು ಬೇರೆ ಬೇರೆ ಕಡೆಗೆ ಒಯ್ಯುತ್ತವೆ, ಅಷ್ಟೆ. ಮಗು ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ ಅಂದುಕೋ. ಹೊಗೆ ಕಡಿಮೆ ಮಾಡಲು, ಪೆಟ್ರೋಲ್ ಆವಿ ಹಿಡಿಯಲು ಹಾಕಿದ್ದು ಒಂದಷ್ಟು ಇರುತ್ತವೆ. ಅವು ಹೋದರೆ ಕಾರು ನಿಲ್ಲುವುದಿಲ್ಲ. ಆದರೆ ತೂತು ಮುಚ್ಚಲು ಔಷಧಿ ಬಿರಡೆ ಬೇಡ. ಇಂಜಿನ್ ಬಿಸಿಗೆ ಅದು ಒಣಗಿ ಸೀಳುತ್ತದೆ. ಸೀಳಿದರೆ ಕಳ್ಳಗಾಳಿ ಒಳಗೆ ಹೋಗಿ ಇಂಜಿನ್ ಸಾಯುತ್ತದೆ. ಮೂಗಿನ ಟ್ಯೂಬೂ ಬೇಡ, ಬಿಸಿಗೆ ಮೆತ್ತಗಾಗಿ ಒಳಗೊಳಗೇ ಅಂಟಿಕೊಳ್ಳುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ವ್ಯಾಕ್ಯೂಮ್ ಪೈಪು ಎಂದೇ ಕೇಳಿ ತರಲಿ.

ಇನ್ನೊಂದು, ಇದನ್ನು ಕನಸು ಎನ್ನದೆ ನನ್ನ ಹೆಸರಲ್ಲೇ ಹೇಳು. ದಪ್ಪ ಪೈಪು ಒಂದಿರುತ್ತದೆ. ಇಂಜಿನ್‌ನಿಂದ ಹೊರಟು ಡ್ರೈವರ್ ಮುಂದೆ ಇರುವ ಕರಿ ಗಡಿಗೆಯಂಥ ಡಬ್ಬಕ್ಕೆ ಹೋಗುತ್ತದೆ. ಅದು ಬ್ರೇಕಿನ ಬೂಸ್ಟರ್. ಕಾಲಿನ ಬಲ ಸಾಲದಿದ್ದಾಗ ಅದು ಬಲ ಕೊಡುವುದು. ಆ ಪೈಪಿನ ತುದಿಯಲ್ಲಿ ಗುಂಡಿಯಂಥದ್ದೊಂದು ವಾಲ್ವ್ ಇರುತ್ತದೆ, ಒಂದೇ ಕಡೆಗೆ ಉಸಿರು ಬಿಡುವಂಥದ್ದು. ಅದನ್ನು ಮುಟ್ಟುವುದೇ ಬೇಡ. ಭಾವನಿಗೆ ಸ್ಕೂಟರ್ ವಿಷಯಕ್ಕೆ ಕ್ಷಮೆ ಕೇಳಿದೆ ಎನ್ನು. ಆದರೂ ಆ ಸ್ಕೂಟರ್ ನಗುವಂಥದ್ದೇ.

ನಿನ್ನ ತಮ್ಮ

•

ಫೆಬ್ರವರಿ 15

ತಮ್ಮಾ,

ಹೇಗೆ ಹೇಳಲಿ. ನಿನ್ನ ಕಾಗದ ಮಧ್ಯಾಹ್ನ ಬಂತು. ಇವರು ಅದೇ ಬೆಳಿಗ್ಗೆ ಕೆಲಸ ಮುಗಿಸಿ ಸ್ನಾನ ಮಾಡಿ ಕುಳಿತಿದ್ದರು.

ಕಾರು ಈಗ ಕೆಮ್ಮುವುದಿಲ್ಲ. ಬಾನೆಟ್ ಎತ್ತಿದರೆ ಒಳಗೆ ಜಾಗವೇ ಕಾಣುತ್ತದೆ, ಅಚ್ಚುಕಟ್ಟು, ಅವರ ಔಷಧಿ ಕಪಾಟಿನ ಹಾಗೆ. ಇಂಜಿನ್ ಓಡುವುದು ಮನೆಯೊಳಗೆ ಕುಳಿತರೆ ಕೇಳುವುದಿಲ್ಲ. ಬೀದಿಯವರು ಬಂದು ನೋಡಿ ಹೋದರು. ಶಾಲೆಯ ವ್ಯಾನಿನ ಡ್ರೈವರ್ ಬಾಯಿ ಬಿಟ್ಟು ನಿಂತಿದ್ದ. "ಕಾಂಪೌಂಡರೇ, ನಿಮ್ಮ ಕೈ ಕೈಯಲ್ಲ, ನಮ್ಮ ಮುದುಕೀಗೂ ಒಂದು ಇಂಜೆಕ್ಷನ್ ಕೊಡಿ" ಎಂದ. ಮುದುಕಿ ಎಂದರೆ ಅವನ ವ್ಯಾನು. ಇವರಿಗೆ ಎದೆ ಉಬ್ಬಿ ಹೋಯಿತು. ಮೂವತ್ತು ವರ್ಷ ಬೇರೆಯವರು ಬರೆದ ಚೀಟಿ ನೋಡಿ ಔಷಧಿ ಕಟ್ಟಿದವರು, ಈಗ ಚೀಟಿ ತಾವೇ ಬರೆಯುವ ಹಾಗಾಗಿದೆ.

ಆ ಗುಂಡಿ ವಾಲ್ವ್ ಎಂದೆಯಲ್ಲ. ಕಿತ್ತು ಬಾಯಿಗೆ ಇಟ್ಟು ಊದಿದರಂತೆ, ಗಾಳಿ ಹೋಗಲಿಲ್ಲ. "ಕಟ್ಕೊಂಡಿದೆ, ನೋಡು, ಇಷ್ಟು ವರ್ಷದ ಕೊಳೆ" ಎಂದು ನನಗೂ ತೋರಿಸಿದರು. ಆಸ್ಪತ್ರೆಯಲ್ಲಿ ಕಟ್ಟಿಕೊಂಡ ಸೂಜಿ ಬಿಡಿಸುತ್ತಾರಲ್ಲ, ಹಾಗೇ ತಂತಿ ಕಾಯಿಸಿ ಒಳಗೆ ಚುಚ್ಚಿದರು. ಏನೋ ತೆಳ್ಳಗೆ ಸಣ್ಣದೊಂದು ಚೂರು ಬಿತ್ತು. ಆಮೇಲೆ ಊದಿದರೆ ಎರಡು ಕಡೆಯಿಂದಲೂ ಗಾಳಿ ಸಲೀಸು. ಎಷ್ಟು ಖುಷಿಪಟ್ಟರು ಗೊತ್ತಾ, ಸತ್ತವನಿಗೆ ಉಸಿರು ಬಂದ ಹಾಗೆ.

ನಿನ್ನ ಕಾಗದ ಓದಿ ಹೇಳಿದೆ. ಮುಖ ಕೆಂಪಾಯಿತು. "ನಿನ್ನ ತಮ್ಮ ಅಷ್ಟು ದೂರ ಕೂತು ನನ್ನ ಕಾರಿನ ನಾಡಿ ಹಿಡೀತಾನಾ? ನಡಿ, ತೋರಿಸ್ತೀನಿ" ಎಂದು ನನ್ನನ್ನು ಕೂರಿಸಿಕೊಂಡು ಊರು ಸುತ್ತಿದರು. ಬ್ರೇಕ್ ಚೆನ್ನಾಗೇ ಹಿಡಿಯಿತು. ಮಾರುಕಟ್ಟೆ ಹತ್ತಿರ ನಾಯಿ ಅಡ್ಡ ಬಂತು, ಗಕ್ಕನೆ ನಿಂತಿತು. "ಈಗೇನಂತೀಯ ಗಾಬರಿ ಇಲಾಖೆ?" ಎಂದರು. ನನಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಹೋಗಲಿಲ್ಲ.

ಇನ್ನೊಂದು ವಿಷಯ, ನಿನಗೆ ನಗು ಬರಬಹುದು. ನೀರಿನ ಟ್ಯಾಂಕ್ ಇಳಿಜಾರಿನಲ್ಲಿ ಬರುವಾಗ ಇಂಜಿನ್ ಆಫ್ ಮಾಡಿಬಿಡುತ್ತಾರೆ. "ಸುಮ್ನೆ ಕೂರು, ಎಷ್ಟು ತಣ್ಣಗಿದೆ ಕೇಳು" ಎನ್ನುತ್ತಾರೆ. ಗಾಡಿ ಸದ್ದಿಲ್ಲದೆ ಜಾರುತ್ತದೆ. ಆಫ್ ಮಾಡಿದಾಗ ಬ್ರೇಕ್ ಒತ್ತಿದ್ದು ನಾನು ನೋಡಿಲ್ಲ. ಕೆಳಗೆ ಬಯಲಿರುವುದರಿಂದ ತಾನೇ ನಿಲ್ಲುತ್ತದೆ.

ನಾನು ಸುಮ್ಮಸುಮ್ಮನೆ ಹೆದರುತ್ತಿದ್ದೇನೆ ಎಂದು ಒಂದು ಸಾಲು ಬರೆ, ಸಾಕು.

ನಿನ್ನ ಅಕ್ಕ

•

ಫೆಬ್ರವರಿ 27

ಅಕ್ಕಾ,

ಆ ಸಾಲು ಬರೆಯಲಾರೆ.

ಭಾವ ಚುಚ್ಚಿ ತೆಗೆದದ್ದು ಕೊಳೆಯಲ್ಲ, ವಾಲ್ವಿನ ನಾಲಗೆ. ಒಂದು ಕಡೆಯಿಂದ ಊದಿದರೆ ಗಾಳಿ ಹೋಗಬಾರದು, ಅದೇ ಅದರ ಕೆಲಸ. ಇಂಜಿನ್ ಎಳೆದ ಎಳೆತವನ್ನು ಆ ಗಡಿಗೆಯೊಳಗೆ ಹಿಡಿದಿಡುವುದು ಅದೇ. ಇಂಜಿನ್ ಓಡುತ್ತಿರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ, ನಾಯಿಗೂ ನಿಲ್ಲುತ್ತದೆ. ಇಂಜಿನ್ ನಿಂತ ಕ್ಷಣ ಗಡಿಗೆ ಖಾಲಿ. ಬ್ರೇಕ್ ಕಲ್ಲಾಗುತ್ತದೆ. ಎರಡು ಕಾಲಿಟ್ಟು ನಿಂತರೂ ಬೆಟ್ಟದ ಇಳಿಜಾರಿನಲ್ಲಿ ಸಾಲದು.

ನಂಬಿಕೆ ಇಲ್ಲದಿದ್ದರೆ ಹೀಗೆ ನೋಡಿ. ಗಾಡಿ ಸಮತಟ್ಟಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಸ್ವಲ್ಪ ತಡೆದು ಬ್ರೇಕ್ ಒತ್ತಿ. ಸರಿಯಿದ್ದ ಗಾಡಿಯಲ್ಲಿ ಮೊದಲ ಕೆಲವು ಸಲ ಮೆತ್ತಗೆ ಇಳಿಯುತ್ತದೆ. ಮೊದಲ ಸಲವೇ ಗಟ್ಟಿ ಎಂದರೆ ವಾಲ್ವ್ ಸತ್ತಿದೆ.

ಹೊಸ ವಾಲ್ವ್ ಒಂದನ್ನು ಇವತ್ತೇ ಪಾರ್ಸಲ್ ಮಾಡುತ್ತಿದ್ದೇನೆ. ಅದು ಬರುವವರೆಗೂ ಬೆಟ್ಟ ಹತ್ತಬೇಡಿ. ಹತ್ತುವುದು ಸುಲಭ, ಹತ್ತುವಾಗ ಬ್ರೇಕ್ ಯಾರಿಗೂ ನೆನಪಾಗುವುದಿಲ್ಲ.

ಭಾವನಿಗೆ ಈ ಕಾಗದವನ್ನೇ ಕೊಡು. ಸಿಟ್ಟು ಬಂದರೆ ಬರಲಿ.

ತಮ್ಮ

•

ಮಾರ್ಚ್ 11

ತಮ್ಮಾ,

ಕಾಗದ ಸಿಕ್ಕಿದೆ, ಪಾರ್ಸಲ್ ಇನ್ನೂ ಬಂದಿಲ್ಲ. ದಿನಾ ಅಂಚೆ ಕಚೇರಿಗೆ ಹೋಗುತ್ತೇನೆ. ನನ್ನನ್ನು ಕಂಡರೆ ಅಲ್ಲಿಯವನು ದೂರದಿಂದಲೇ ಕೈಯಾಡಿಸುತ್ತಾನೆ.

ನೀನು ಹೇಳಿದ ಹಾಗೆ ಮಾಡಿ ನೋಡಿದೆವು. ನಾನೇ ಡ್ರೈವರ್ ಸೀಟಿನಲ್ಲಿ ಕುಳಿತು ಒತ್ತಿದೆ. ಗಟ್ಟಿ, ನಮ್ಮ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹಾಗೆ. ಇವರೂ ಒತ್ತಿದರು. ಕಾಲು ತೆಗೆದು ಮತ್ತೊಮ್ಮೆ ಒತ್ತಿದರು. ಆ ಒಂದು ಗಳಿಗೆ ನನಗೆ ಎಷ್ಟು ಆಸೆ ಬಂತು! ಆಮೇಲೆ, "ನಿಂತ ಗಾಡಿಗೆ ಬ್ರೇಕ್ ಯಾಕೆ ಒತ್ತಬೇಕು? ಮಲಗಿದವನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ" ಎಂದು ತಾವೇ ನಕ್ಕರು. ನಿನ್ನ ಕಾಗದವನ್ನು ಮಡಿಸಿ ನನಗೇ ವಾಪಸ್ ಕೊಟ್ಟರು.

ಪುಟ್ಟಿಗೆ ಕಾಲು ಊದಿಕೊಂಡಿದೆಯಂತೆ. ಅಲ್ಲಿಯ ನರ್ಸ್, ಇನ್ನು ತಡ ಮಾಡಬೇಡಿ, ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಿದ್ದಾಳೆ. ಅಳಿಯನಿಗೆ ರಜೆಯಿಲ್ಲ. ನಾಳೆ ಹೊರಡುವುದು ಎಂದು ಇವರು ತೀರ್ಮಾನ ಮಾಡಿಬಿಟ್ಟಿದ್ದಾರೆ. "ಬಾಡಿಗೆ ಕಾರು ಮಾಡೋಣ, ನನ್ನ ಮಾತು ಇದೊಂದು ಸಲ ಕೇಳಿ" ಎಂದು ಅತ್ತುಬಿಟ್ಟೆ. "ಫ್ಯಾನು ತಲೆ ಮೇಲೆ ಬೀಳುತ್ತೆ ಅಂದೆ, ಬಿತ್ತಾ? ಗ್ಯಾಸ್ ಸಿಡಿಯುತ್ತೆ ಅಂದೆ, ಸಿಡೀತಾ? ಪುಟ್ಟಿ ಶಾಲೆಗೆ ಹೋಗುವಾಗ ನಿನ್ನ ಲೆಕ್ಕಕ್ಕೆ ದಿನಾ ಅವಳನ್ನ ಯಾರೋ ಎತ್ಕೊಂಡು ಹೋಗ್ತಿದ್ರು, ಸಂಜೆ ದಿನಾ ವಾಪಸ್ ಬರ್ತಿದ್ಲು" ಎಂದರು. ಸುಳ್ಳಲ್ಲ ತಮ್ಮಾ. ನನ್ನ ಹೆದರಿಕೆಯನ್ನೆಲ್ಲ ಚಿಲ್ಲರೆ ಚಿಲ್ಲರೆಯಾಗಿ ಖರ್ಚು ಮಾಡಿಕೊಂಡು ಕುಳಿತೆ. ಈಗ ನಿಜವಾಗಿ ಬೇಕಾದಾಗ ಕೈಯಲ್ಲಿ ಏನೂ ಇಲ್ಲ.

ಕೊನೆಗೆ ಒಂದು ಮಾತು ತೆಗೆದುಕೊಂಡೆ. ಇಳಿಯುವಾಗ ಇಂಜಿನ್ ಆಫ್ ಮಾಡುವುದಿಲ್ಲ ಎಂದು. "ಆಯ್ತು ಮಹಾರಾಯ್ತಿ, ನಿನ್ನಾಣೆ ಮಾಡಲ್ಲ" ಎಂದಿದ್ದಾರೆ. ಕೊಟ್ಟ ಮಾತಿಗೆ ತಪ್ಪುವವರಲ್ಲ, ಅದು ನಿನಗೂ ಗೊತ್ತು. ಆದರೂ ನಾನು ಜೊತೆಗೆ ಹೋಗುತ್ತೇನೆ, ಮುಂದಿನ ಸೀಟಿನಲ್ಲಿ ಕೂರುತ್ತೇನೆ. ಅವರ ಕೈ ಕೀಲಿಯ ಕಡೆ ಹೋದರೆ ಹಿಡಿಯುತ್ತೇನೆ.

ಪುಟ್ಟಿಗಾಗಿ ಎರಡು ಸಡಿಲ ಅಂಗಿ ಹೊಲಿದೆ, ತೋಳು ಎರಡು ಸಲ ತಪ್ಪಾಗಿ ಕೂಡಿಸಿ ಬಿಚ್ಚಿದೆ.

ಅಕ್ಕ

•

ಮಾರ್ಚ್ 29

ಬಾಮೈದನಿಗೆ,

ನಿಮ್ಮ ಅಕ್ಕನ ಬಲಗೈ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿರುವುದರಿಂದ ನಾನು ಬರೆಯುತ್ತಿದ್ದೇನೆ. ಗಾಬರಿಯಾಗುವಂಥದ್ದೇನೂ ಇಲ್ಲ. ಅಪಘಾತ ಎಂದು ಕರೆಯುವಂಥದ್ದೂ ಅಲ್ಲ.

ಹತ್ತುವಾಗ ಕಾರು ಒಂದೇ ಒಂದು ಸಲವೂ ಮುನಿಸಿಕೊಳ್ಳಲಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಇಳಿಯುವಾಗಲೂ ನಾನು ಇಂಜಿನ್ ಆಫ್ ಮಾಡಲಿಲ್ಲ. ಮಾತು ಕೊಟ್ಟಿದ್ದೆ, ನಡೆಸಿಕೊಂಡಿದ್ದೇನೆ. ನಿಮ್ಮ ಅಕ್ಕ ದಾರಿಯುದ್ದಕ್ಕೂ ಕೀಲಿಯನ್ನೇ ನೋಡುತ್ತ ಕುಳಿತಿದ್ದಳು, ಬೇಕಾದರೆ ಕೇಳಿ. ಮೂರನೆಯ ತಿರುವಿನಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದೆ, ಇಂಜಿನ್ ತಾನಾಗಿಯೇ ನಿಂತಿತು. ಬ್ರೇಕ್ ಒತ್ತಿದೆ. ಒತ್ತಿದೆ ಎಂದರೆ, ಪೂರ್ತಿ ಎದ್ದು ನಿಂತು ಒತ್ತಿದೆ.

ರಸ್ತೆ ರಿಪೇರಿಯವರು ಪಕ್ಕಕ್ಕೆ ಜಲ್ಲಿ ಸುರಿದಿದ್ದರು. ಅದರೊಳಗೆ ನುಗ್ಗಿ ನಿಂತೆವು. ಜಲ್ಲಿ ರಾಶಿಯ ಆಚೆ ಏನಿತ್ತು ಎಂದು ನಾನು ಇಳಿದು ನೋಡಲಿಲ್ಲ. ನಿಮ್ಮ ಅಕ್ಕ ನೋಡಿದಳು.

ಮಗಳಿಗೆ ಅಂದೇ ಹೆರಿಗೆಯಾಯಿತು. ದಿನ ತುಂಬಿರಲಿಲ್ಲ. ಗಂಡು ಮಗು, ನಮ್ಮ ಆಸ್ಪತ್ರೆಯಲ್ಲೇ ಗಾಜಿನ ಪೆಟ್ಟಿಗೆಯಲ್ಲಿದೆ. ತೂಕ ಸ್ವಲ್ಪ ಕಡಿಮೆ. ಉಸಿರಾಟಕ್ಕೆ ಟ್ಯೂಬ್ ಹಾಕಿದ್ದಾರೆ. ಮಗಳು ನನ್ನ ಜೊತೆ ಮಾತಾಡುತ್ತಿಲ್ಲ, ಸುಸ್ತಿರಬೇಕು.

ಬಾನೆಟ್ ಎತ್ತಿ ನೋಡಿದಾಗ ಒಂದು ಬಿರಡೆ ಸೀಳಿತ್ತು. ಒಂದೇ ಒಂದು. ಉಳಿದ ಕೆಲಸವೆಲ್ಲ ಇದ್ದ ಹಾಗೇ ಇದೆ. ಬಿರಡೆಯ ತಯಾರಿಕೆಯಲ್ಲೇ ದೋಷವಿದ್ದಿರಬಹುದು. ಈಗ ಎಲ್ಲದಕ್ಕೂ ಎರಡೆರಡು ಬಿರಡೆ ಹಾಕುವ ಕ್ರಮ ಮಾಡಿಕೊಂಡಿದ್ದೇನೆ.

ನೀವು ಕಳಿಸಿದ ಪಾರ್ಸಲ್ ಬಂದಿದೆ. ಇಟ್ಟಿದ್ದೇನೆ. ಶಾಲೆಯ ವ್ಯಾನಿನ ಕೆಲಸ ನಡೆಯುತ್ತಿರುವುದರಿಂದ ಬಿಡುವಿಲ್ಲ. ಆ ಶಾಲೆಗೆ ಹೊಸ ವರ್ಷ ಏಪ್ರಿಲ್ ತಿಂಗಳಲ್ಲೇ ಶುರು, ರಜೆ ಮುಗಿದು ತೆರೆಯುವುದರೊಳಗೆ ಗಾಡಿ ಕೊಡಬೇಕು. ಅದರ ವಾಲ್ವೂ ಕಟ್ಟಿಕೊಂಡಿತ್ತು, ಬಿಡಿಸಿದ್ದೇನೆ.

ಇಂತಿ,
ನಿಮ್ಮ ಭಾವ

•

ಏಪ್ರಿಲ್ 10

ತಮ್ಮಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಸಾಲು ಗುಡ್ಡ ಹತ್ತಿ ಇಳಿಯುತ್ತದೆ, ನಿಧಾನವಾಗಿ ಓದು. ಇವರು ನಿನಗೆ ಏನು ಬರೆದರು ಎಂದು ನನಗೆ ಹೇಳಲಿಲ್ಲ. ಮನೆಯಲ್ಲಿ ಈಗ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಮಗುವನ್ನು ನೋಡಲು ದಿನಕ್ಕೊಂದು ಸಲ ಬಿಡುತ್ತಾರೆ. ನನ್ನ ಹೆಬ್ಬೆರಳಷ್ಟು ಕಾಲು. ಅದರ ಎದೆ ಏರುವುದನ್ನು ನೋಡುತ್ತೇನೆ, ಏರಿ ನಿಂತರೆ ನನ್ನ ಉಸಿರೂ ನಿಲ್ಲುತ್ತದೆ, ಇಳಿದ ಮೇಲೆ ನಾನೂ ಬಿಡುತ್ತೇನೆ. ಡಾಕ್ಟರು ಇನ್ನೂ ಏನೂ ಹೇಳುವ ಹಾಗಿಲ್ಲ ಎನ್ನುತ್ತಾರೆ.

ಇವತ್ತು ಬೆಳಿಗ್ಗೆ ಶಾಲೆಯ ವ್ಯಾನ್ ನಮ್ಮ ಮನೆ ಮುಂದೆ ನಿಂತಿತ್ತು. ನಾಳೆ ಶಾಲೆ ತೆರೆಯುತ್ತದೆ. ಡ್ರೈವರ್ ಬಂದು ಸೀಟು ಒರೆಸುತ್ತಿದ್ದ, ಸಿಳ್ಳೆ ಹಾಕಿಕೊಂಡು. ನಾನು ಹೊಸಿಲಲ್ಲಿ ನಿಂತೆ. ಹೇಳಿದರೆ ನಗುತ್ತಾನೆ ಎಂದು ಗೊತ್ತು. ಬೀದಿಗೆಲ್ಲ ನಾನು ಗಾಬರಿ ಇಲಾಖೆ ಅಲ್ಲವೇ. ಆದರೂ ಕಾಲು ಹೋಯಿತು.

"ಅಣ್ಣಾ, ಇಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡು. ಆಮೇಲೆ ಬ್ರೇಕ್ ಒತ್ತು" ಎಂದೆ.

"ಯಾಕಮ್ಮಾ, ನಿಂತ ಗಾಡಿ ಓಡಿ ಹೋಗುತ್ತಾ?" ಎಂದ.

"ಒತ್ತು."

ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. ಅವನು ನಗುತ್ತಲೇ ಹತ್ತಿ ಕುಳಿತ. ಸ್ಟಾರ್ಟ್ ಮಾಡಿದ, ಆಫ್ ಮಾಡಿದ, ಒತ್ತಿದ. ಮತ್ತೆ ಒತ್ತಿದ. ಬಾಗಿ ಕಾಲ ಕೆಳಗೆ ನೋಡಿದ, ಕಲ್ಲೋ ಬಾಟಲಿಯೋ ಸಿಕ್ಕಿಕೊಂಡಿದೆಯೇನೋ ಎಂದು. "ಇದು ಹೀಗಿರಲಿಲ್ಲ ಕಣಮ್ಮಾ" ಎಂದ. ಸಿಳ್ಳೆ ನಿಂತಿತ್ತು. ನಾನು ಏನಾಯಿತು ಎಂದು ಹೇಳಿದೆ, ಜಲ್ಲಿ ರಾಶಿಯ ಆಚೆ ಏನಿತ್ತು ಎಂದೂ ಹೇಳಿದೆ. ಅವನು ಹಿಂದಿನ ಖಾಲಿ ಸೀಟುಗಳ ಕಡೆ ಒಂದು ಸಲ ತಿರುಗಿ ನೋಡಿದ.

ನಾನು ಒಳಗೆ ಹೋಗಿ ನಿನ್ನ ಪಾರ್ಸಲ್ ತಂದು ಅವನ ಕೈಗಿಟ್ಟೆ. ಅದಕ್ಕೆ ಸರಿಹೊಂದುತ್ತದೋ ಇಲ್ಲವೋ, ನಿನ್ನಂಥವರು ಯಾರಾದರೂ ನೋಡಿ ಹಾಕಲಿ, ಅಲ್ಲಿಯ ತನಕ ಮಕ್ಕಳು ನಡೆದು ಹೋಗಲಿ ಎಂದೆ. ಅವನು ತಲೆಯಾಡಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕಾಲ್ನಡಿಗೆಯಲ್ಲೇ ಹೋದ.

ತಿರುಗಿದರೆ ಇವರು ಬಾಗಿಲಲ್ಲಿ ನಿಂತಿದ್ದರು. ಎಲ್ಲ ನೋಡಿದ್ದರು. ಈಗ ಜಗಳ ಎಂದುಕೊಂಡೆ. ಇವರು ಬಂದು ವ್ಯಾನಿನ ಬ್ರೇಕಿನ ಮೇಲೆ ತಮ್ಮ ಕಾಲಿಟ್ಟು ಒತ್ತಿದರು. ಬಹಳ ಹೊತ್ತು ಒತ್ತಿ ಹಿಡಿದಿದ್ದರು. ಆಮೇಲೆ ನನ್ನನ್ನು ನೋಡದೆ ಕೇಳಿದರು, "ಇವತ್ತು ವಾರ ಯಾವುದು?"

ಹೇಳಿದೆ.

"ಆಸ್ಪತ್ರೆ ಆಂಬುಲೆನ್ಸಿಗೂ ನಾನೇ ಮಾಡಿದ್ದು. ಕಳೆದ ವಾರ. ಇವತ್ತು ಅದು ಬೆಟ್ಟದ ಮೇಲಿಂದ ರೋಗಿಗಳನ್ನ ಕರ್ಕೊಂಡು ಬರೋ ದಿನ" ಎಂದರು.

ಚಪ್ಪಲಿಯೂ ಹಾಕಿಕೊಳ್ಳದೆ ಆಸ್ಪತ್ರೆಗೆ ಓಡಿದರು, ಮೇಲಿನ ಊರಿಗೆ ಫೋನ್ ಮಾಡಲು. ಅವರು ಓಡುವುದನ್ನು ನಾನು ನೋಡಿದ್ದು ಇದೇ ಮೊದಲು. ವಾಪಸ್ ಬರುವಾಗ ನಡೆದು ಬಂದರು. ಅವರೇ ಹೇಳಿದರು. "ಹೊರಟಾಯ್ತಂತೆ."

ಈಗ ಇಬ್ಬರೂ ಮೆಟ್ಟಿಲ ಮೇಲೆ ಕುಳಿತಿದ್ದೇವೆ. ಇಲ್ಲಿಂದ ಬೆಟ್ಟದ ರಸ್ತೆಯ ಕೊನೆಯ ತಿರುವು ಮಾತ್ರ ಕಾಣುತ್ತದೆ. ಇವರು ಅದರ ಮೇಲಿಂದ ಕಣ್ಣು ತೆಗೆದಿಲ್ಲ. "ಏನೂ ಆಗಲ್ಲ ಅಲ್ವಾ?" ಎಂದು ಆಗಿನಿಂದ ಮೂರು ಸಲ ನನ್ನನ್ನು ಕೇಳಿದರು. ಇಷ್ಟು ವರ್ಷ ಆ ಮಾತು ಕೇಳುತ್ತಿದ್ದವಳು ನಾನು.

ಅಂಚೆಯವನು ಬೀದಿಯ ಆ ತುದಿಯಲ್ಲಿ ಬರುತ್ತಿದ್ದಾನೆ, ಇದನ್ನು ಅವನ ಕೈಯಲ್ಲೇ ಕೊಡುತ್ತೇನೆ. ತಿರುವಿನಲ್ಲಿ ಇನ್ನೂ ಏನೂ ಕಾಣಿಸಿಲ್ಲ.

ಅಕ್ಕ